ಪುಸ್ತಕದ ಚಂದ್ರ, ಅಂಗಳದ ಚಂದ್ರ

ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಪ್ರತಿ ಶನಿವಾರ ಮಕ್ಕಳಿಗೆ ಚಿತ್ರಪುಸ್ತಕ ಓದುತ್ತೇನೆ. ಮೊದಮೊದಲು ಪುಸ್ತಕ ಪೂರ್ತಿ ಓದಿ ಮುಚ್ಚಿ, “ಅರ್ಥ ಆಯ್ತಾ?” ಅಂತ ಕೇಳುತ್ತಿದ್ದೆ. “ಆಯ್ತು ಮಿಸ್!” ಅಂತ ಎಲ್ಲರದೂ ಒಂದೇ ರಾಗ. ಅಲ್ಲಿಗೆ ಮುಗಿಯಿತು. ಮೊಳಕೆಯ ಬಗ್ಗೆ ಅಷ್ಟು ಚೆಂದದ ಪುಸ್ತಕ ಓದಿದ್ದೆ, ಒಬ್ಬರೂ ಮನೆಗೆ ಹೋಗಿ ನಾಲ್ಕು ಹೆಸರುಕಾಳು ನೆನೆಸಿರಲಿಲ್ಲ.

ಈಗ ನಡುವೆಯೇ ನಿಲ್ಲಿಸುತ್ತೇನೆ. ಚಿತ್ರದ ಪುಟ ತೆರೆದಿಟ್ಟು “ಇದು ನಿಜಾನಾ?” ಅಂತ ಕೇಳುತ್ತೇನೆ. ಉತ್ತರ ಹೇಳುವುದಿಲ್ಲ.

ಒಂದು ಪುಟದಲ್ಲಿ ಟೋಪಿ ಹಾಕಿಕೊಂಡ ಇರುವೆ ಇತ್ತು. ನಾಲ್ಕೇ ಕಾಲು. ಕಿಟಕಿ ಕಟ್ಟೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟೆವು. ಸ್ವಲ್ಪ ಹೊತ್ತಿಗೆ ಸಾಲು ಬಂತು. ಇರುವುದು ಒಂದೇ ಭೂತಗನ್ನಡಿ, ಸುತ್ತ ಹನ್ನೆರಡು ತಲೆ. ಓಡುವ ಇರುವೆಯ ಕಾಲು ಎಣಿಸುವುದು ಸುಲಭವಲ್ಲ. ಒಬ್ಬಳು ನಾಲ್ಕು ಅಂದಳು, ಇನ್ನೊಬ್ಬ ಎಂಟು ಅಂದ, ಜಗಳವೇ ಆಯಿತು. ಕೊನೆಗೆ ಒಬ್ಬ ಹುಡುಗ ಕಪಾಟಿನ ಸಂದಿಯಿಂದ ಸತ್ತ ಇರುವೆಯೊಂದನ್ನು ಹುಡುಕಿ ತಂದು ಬಿಳಿ ಹಾಳೆಯ ಮೇಲೆ ಇಟ್ಟ. ಆರು ಕಾಲು. ಆರೂ ನಡುಭಾಗದಿಂದಲೇ ಹೊರಟಿದ್ದವು, ಹಿಂದಿನ ದಪ್ಪ ಹೊಟ್ಟೆಗೆ ಒಂದೂ ಇಲ್ಲ. ಆ ಎರಡನೇ ಸಂಗತಿ ನಾನೇ ಸರಿಯಾಗಿ ಗಮನಿಸಿರಲಿಲ್ಲ, ಕಂಡುಹಿಡಿದದ್ದು ಅವರು.

ಹಾಗಾಗಿ ಬೇರೆ ಗ್ರಂಥಪಾಲಕರಿಗೆ ನಾನು ಹೇಳುವುದು ಇಷ್ಟೇ: ತಪ್ಪು ಚಿತ್ರ ಇದೆ ಅಂತ ಪುಸ್ತಕ ಒಳಗಿಡಬೇಡಿ. ಪೆನ್ನಿನಲ್ಲಿ ತಿದ್ದಲೂಬೇಡಿ. ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ, ಮಕ್ಕಳೇ ಬರೆಯಲಿ.

ಪುಸ್ತಕಕ್ಕೆ ಅಂಥ ಬರ ಇಲ್ಲ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಸಿಗುತ್ತವೆ, ದುಡ್ಡು ಕೊಡದೆ ಇಳಿಸಿ ಮುದ್ರಿಸಿಕೊಳ್ಳಬಹುದು. ಕಪ್ಪು-ಬಿಳುಪಿನಲ್ಲಿ ತೆಗೆದರೂ ನಡೆಯುತ್ತದೆ, ಬಣ್ಣ ಮಕ್ಕಳೇ ತುಂಬುತ್ತಾರೆ.

ಎಲ್ಲ ಪ್ರಯೋಗವೂ ಗೆಲ್ಲುವುದಿಲ್ಲ, ಬಿಡಿ. ನಮ್ಮ ಮೊದಲ ಹೆಸರುಕಾಳು ಬಟ್ಟಲು ಮೂರನೇ ದಿನಕ್ಕೆ ನಾರುತ್ತಿತ್ತು. ಪ್ರೀತಿ ಜಾಸ್ತಿಯಾಗಿ ಬಂದವರೆಲ್ಲ ನೀರು ಹುಯ್ದಿದ್ದರು. ಬೀಜಕ್ಕೂ ಉಸಿರಾಡಲು ಗಾಳಿ ಬೇಕು ಅನ್ನುವುದು ಆ ವಾಸನೆಯಿಂದ ಗೊತ್ತಾಯಿತು. ನೆರಳಿನ ಪುಸ್ತಕಕ್ಕೆ ಮಾತ್ರ ಸಮಯ ನೋಡಿಕೊಳ್ಳಿ. ಬೆಂಗಳೂರಿನ ಆಸುಪಾಸಿನಲ್ಲಿ ಏಪ್ರಿಲ್ 24-25ಕ್ಕೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ, ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಬೇರೆ ಊರುಗಳಲ್ಲಿ ತಾರೀಕು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಚಂದ್ರನ ಪುಟ. ಚಳಿ ದೇಶಗಳಿಂದ ಬಂದ ಪುಸ್ತಕಗಳಲ್ಲಿ ಬಿದಿಗೆ ಚಂದ್ರ ಕುಡುಗೋಲಿನ ಹಾಗೆ ನೆಟ್ಟಗೆ ನಿಂತಿರುತ್ತಾನೆ. ಕೆಲವೊಮ್ಮೆ ಎರಡು ಕೊಂಬಿನ ನಡುವೆ ಒಂದು ನಕ್ಷತ್ರವೂ ಇರುತ್ತದೆ. ಯುಗಾದಿಯ ಮರುದಿನ ನಮ್ಮಲ್ಲಿ ಹೇಗೂ ಮನೆಮಂದಿಯೆಲ್ಲ ಚಂದ್ರನನ್ನು ಹುಡುಕುತ್ತಾರೆ, ಅಲ್ವಾ? “ಕಂಡದ್ದನ್ನು ಕಂಡ ಹಾಗೇ ಬರೆದು ತನ್ನಿ” ಅಂದೆ. ಬಂದ ಚಿತ್ರಗಳಲ್ಲೆಲ್ಲ ಚಂದ್ರ ದೋಣಿಯ ಹಾಗೆ ಮಲಗಿದ್ದ. ಒಬ್ಬಳು ಉಳಿದ ಗುಂಡನ್ನು ಪೆನ್ಸಿಲಿನಿಂದ ಮಸುಕಾಗಿ ತುಂಬಿದ್ದಳು. ಸರಿಯಾಗಿಯೇ ನೋಡಿದ್ದಾಳೆ. ಭೂಮಿಯ ಮೇಲೆ ಬಿದ್ದ ಬಿಸಿಲು ಅಲ್ಲಿಗೆ ಹೋಗಿ ಆ ಭಾಗವನ್ನು ಮಂಕಾಗಿ ಬೆಳಗುತ್ತದೆ. ಅಲ್ಲಿ ಚಂದ್ರನ ಮೈ ಇರುವಾಗ ನಕ್ಷತ್ರ ಕಾಣುವುದು ಹೇಗೆ ಅಂತ ಅವಳೇ ಪುಸ್ತಕದ ಜೊತೆ ವಾದಕ್ಕಿಳಿದಳು.

ಮಲಗಿದ್ದು ಯಾಕೆ? ಕೋಣೆ ಕತ್ತಲು ಮಾಡಿ ಒಬ್ಬನ ಕೈಗೆ ಚೆಂಡು, ಇನ್ನೊಬ್ಬಳ ಕೈಗೆ ಟಾರ್ಚ್ ಕೊಟ್ಟೆ. ಟಾರ್ಚ್ ಚೆಂಡಿನ ನೇರ ಕೆಳಗೆ, ಸ್ವಲ್ಪ ಹಿಂದೆ ಇದ್ದರೆ ಚೆಂಡಿನ ತಳ ಬೆಳಗುತ್ತದೆ. ಪಕ್ಕಕ್ಕೆ ಸರಿಸಿದರೆ ಪಕ್ಕೆ ಬೆಳಗುತ್ತದೆ. ನಾವು ಭೂಮಧ್ಯರೇಖೆಗೆ ಹತ್ತಿರ ಇರುವವರು. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾನೆ. ಯುಗಾದಿ ಹೊತ್ತಿಗಂತೂ ಮುಳುಗಿದ ಸೂರ್ಯ ಚಂದ್ರನ ಬುಡದಲ್ಲೇ ಇರುತ್ತಾನೆ. ಉತ್ತರದ ದೇಶಗಳಲ್ಲಿ ಅವನು ಓರೆಯಾಗಿ ಜಾರುತ್ತಾನೆ, ಅಲ್ಲಿಯವರಿಗೆ ಚಂದ್ರ ನಿಂತ ಹಾಗೆ ಕಾಣುತ್ತಾನೆ. ಪುಸ್ತಕ ಸುಳ್ಳು ಹೇಳಿರಲಿಲ್ಲ, ಅದು ಬೇರೆ ಊರಿನ ಚಂದ್ರ ಅಷ್ಟೇ. ಚಿತ್ರಗಳನ್ನೆಲ್ಲ ಗೋಡೆಗೆ ಅಂಟಿಸಿದೆವು.

ಆಮೇಲೆ ಗಣೇಶನ ಹಬ್ಬ ಬಂತು. ಚೌತಿ ಚಂದ್ರನನ್ನು ನೋಡಬಾರದು ಅಂತ ಹಟ್ಟಿಯಲ್ಲೆಲ್ಲ ಕಟ್ಟುನಿಟ್ಟು. ನಾನೂ ಆ ವಿಷಯ ಎತ್ತಲಿಲ್ಲ, ಅಜ್ಜಿಯರ ಜೊತೆ ಜಗಳ ನನಗೆ ಬೇಡ. ಹಬ್ಬದ ಮರುದಿನ ಅದೇ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. “ಒಂದೇ ಸಲ ನೋಡಿದೆ ಮಿಸ್. ಆಮೇಲೆ ಶಮಂತಕ ಮಣಿ ಕಥೆ ಕೇಳಿಬಿಟ್ಟೆ.” ಅವಳು ಬರೆದ ದೋಣಿ ಎಡಕ್ಕೆ ವಾಲಿತ್ತು.

“ನೋಟ್‌ಬುಕ್ ಓರೆ ಹಿಡಿದು ಬರೆದಿದ್ದಾಳೆ” ಅಂದ ಇರುವೆ ಹುಡುಗ. ಅವಳು ಗೋಡೆಯ ಮೇಲಿದ್ದ ಯುಗಾದಿ ಚಂದ್ರನನ್ನು ತೋರಿಸಿ, “ಅವತ್ತು ನೆಟ್ಟಗೆ ಹಿಡಿದಿದ್ನಾ ಹಾಗಾದ್ರೆ?” ಅಂದಳು. ಸೆಪ್ಟೆಂಬರಿನಲ್ಲಿ ಚಂದ್ರ ಸೂರ್ಯನ ನೇರ ಮೇಲಿರದೆ ದಕ್ಷಿಣಕ್ಕೆ ಸರಿದಿರುತ್ತಾನೆ. ನಾಲಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಆ ಸಂಜೆ ಒಂಬತ್ತು ಮಕ್ಕಳು ಪಂಚಾಯಿತಿ ಅಂಗಳದಲ್ಲಿ ನಿಂತರು. ಪೂರ್ತಿ ಮೋಡ. ಮಾರನೇ ಸಂಜೆ ಮೋಡ ಹರಿಯಿತು. ವಾಲಿತ್ತು. ಹುಡುಗ ಕತ್ತು ಓರೆ ಮಾಡಿ ನೋಡಿದ, ನೆಟ್ಟಗೆ ಮಾಡಿ ನೋಡಿದ, ಆಮೇಲೆ “ಟಾರ್ಚ್ ತರ್ಲಾ ಮಿಸ್?” ಅಂದ.