ಪರದೆ ಮುಚ್ಚಿದ ಶೆಡ್ಡಿನಲ್ಲಿ ಔಷಧಿ ಏನು ಮಾಡೀತು?

ಡಿಸೆಂಬರ್ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯಿಂದ ನನಗೆ ಒಂದೇ ಥರದ ಫೋನು. "ಡಾಕ್ಟ್ರೇ, ರಾತ್ರಿಯೆಲ್ಲ ಕೋಳಿ ಗೊರಗೊರ ಅಂತಾವೆ. ಎನ್ರೋಫ್ಲಾಕ್ಸಸಿನ್ ಮೂರು ದಿನ ಕೊಟ್ಟೆ, ಕಮ್ಮಿ ಆಗ್ಲಿಲ್ಲ. ಬೇರೆ ಯಾವ್ದು ಕೊಡ್ಲಿ?"

ಎನ್ರೋಫ್ಲಾಕ್ಸಸಿನ್ ಅಂದರೆ ಒಂದು ಆಂಟಿಬಯಾಟಿಕ್. ಆದರೆ ನಾನು ಮೊದಲು ಕೇಳುವುದು, ರಾತ್ರಿ ಶೆಡ್ಡಿನ ಪಕ್ಕದ ಪರದೆ ಎಷ್ಟು ತೆರೆದಿರುತ್ತದೆ ಅಂತ.

ಹೋದ ಚಳಿಗಾಲದಲ್ಲಿ ಅಂಥ ಒಂದು ಫಾರ್ಮಿಗೆ ಬೆಳಗಿನ ಜಾವ ಹೋಗಿದ್ದೆ. ಮೂರು ವಾರದ ಕೋಳಿಗಳು. ಚಳಿಗೆ ಹೆದರಿ ಎರಡೂ ಕಡೆ ಪರದೆ ಬಿಗಿಯಾಗಿ ಕಟ್ಟಿದ್ದರು. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯಿತು. ಕುಕ್ಕರಗಾಲಲ್ಲಿ ಕೂತೆ, ಘಾಟು ಇನ್ನೂ ಜಾಸ್ತಿ. ಕೋಳಿ ಉಸಿರಾಡುವುದು ಆ ಎತ್ತರದಲ್ಲೇ ಅಲ್ವಾ?

ನೆಲಕ್ಕೆ ಹಾಸಿದ ಹೊಟ್ಟು ಹಿಕ್ಕೆ ಬಿದ್ದು ಒದ್ದೆಯಾದರೆ ಘಾಟಿನ ಅಮೋನಿಯಾ ಅನಿಲ ಏಳುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 25 ಭಾಗ ದಾಟಬಾರದು. ಕೋಳಿಯ ಶ್ವಾಸನಾಳದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ರೋಗಾಣು ಏನೇ ಬಂದರೂ ಹೊರಕ್ಕೆ ತಳ್ಳುವುದು ಅವುಗಳ ಕೆಲಸ. ಅಮೋನಿಯಾ ಅವನ್ನೇ ಕೆಡಿಸುತ್ತದೆ. ಆಮೇಲೆ ಇ. ಕೋಲೈ (E. coli) ಎಂಬ ಬ್ಯಾಕ್ಟೀರಿಯಾ ಸಲೀಸಾಗಿ ಒಳಗೆ ಇಳಿಯುತ್ತದೆ. ಔಷಧಿ ಇವತ್ತಿನ ರೋಗಾಣುವನ್ನು ಕೊಲ್ಲಬಹುದು. ನಾಳೆ ಮತ್ತೆ ಅದೇ ಗಾಳಿ, ಅದೇ ಕಾಯಿಲೆ. ಡೋಸ್ ಮೇಲೆ ಡೋಸ್ ಕೊಟ್ಟಷ್ಟೂ ಔಷಧಿಗೆ ಬಗ್ಗದ ರೋಗಾಣುಗಳೇ ಉಳಿಯುತ್ತವೆ. ಅವು ಶೆಡ್ಡಿನೊಳಗೇ ಇರುವುದಿಲ್ಲ. ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತವೆ, ಮಾಂಸದ ಜೊತೆ ನಮ್ಮ ಅಡುಗೆಮನೆಗೂ ಬರುತ್ತವೆ. ನನಗೆ ನಿಜಕ್ಕೂ ಭಯ ಇರುವುದು ಇದರದ್ದೇ.

ಅಲ್ಲಿ ಮಾಡಿದ್ದು ಇಷ್ಟೇ. ಪರದೆಯನ್ನು ಮೇಲಿನಿಂದ ಒಂದಡಿ ಇಳಿಸಿದೆವು. ತಣ್ಣನೆ ಗಾಳಿ ಸೂರಿನ ಹತ್ತಿರ ಬೆಚ್ಚಗಾಗಿ ಕೆಳಗಿಳಿಯುತ್ತದೆ, ಕೋಳಿಯ ಮೈಗೆ ನೇರ ಬಡಿಯುವುದಿಲ್ಲ. ಕೋಳಿ ನೀರು ಕುಡಿಯುವ ನಿಪ್ಪಲ್ ತಗ್ಗಿನಲ್ಲಿದ್ದು ನೀರು ಸೋರುತ್ತಿತ್ತು. ಕೋಳಿ ಕತ್ತು ಚಾಚಿ ಕುಡಿಯುವಷ್ಟು ಎತ್ತರಿಸಿದೆವು. ಗಡ್ಡೆ ಕಟ್ಟಿದ ಹೊಟ್ಟು ತೆಗೆದು ಒಣ ಹೊಟ್ಟು ಹಾಕಿದೆವು. ಒಂದು ಹಿಡಿ ಹೊಟ್ಟು ಹಿಸುಕಿ ಕೈ ಬಿಡಿಸಿ ನೋಡಿ. ಉಂಡೆಯಾಗಿಯೇ ಉಳಿದರೆ ಅದು ಒದ್ದೆ.

ಮೊದಲ ವಾರದ ಮರಿಗಳ ಮಾತು ಬೇರೆ. ಅವಕ್ಕೆ 32ರಿಂದ 34 ಡಿಗ್ರಿ ಶಾಖ ಬೇಕೇ ಬೇಕು. ಆ ಶಾಖ ಬ್ರೂಡರಿನಿಂದ, ಅಂದರೆ ಮರಿಗಳಿಗೆ ಶಾಖ ಕೊಡುವ ಸಾಧನದಿಂದ ಬರಬೇಕು, ಗಾಳಿ ಕಟ್ಟಿಹಾಕಿ ಅಲ್ಲ. ಮರಿ ಬಿಟ್ಟ ಮಾರನೇ ದಿನ ನೂರು ಮರಿಗಳ ಕತ್ತಿನ ಬುಡದಲ್ಲಿರುವ ಮೇವುಚೀಲ ಮುಟ್ಟಿ ನೋಡಿ. 95ರಲ್ಲಾದರೂ ಮೆತ್ತಗೆ ತುಂಬಿರಬೇಕು. ಇಲ್ಲದಿದ್ದರೆ ಶಾಖವನ್ನೂ ನೀರನ್ನೂ ಅವತ್ತೇ ಸರಿಮಾಡಿ.

ಕೋಳಿಗೆ ಬರುವ ರಾಣಿಖೇತ್, ಗಂಬೋರೊ ವೈರಸ್ ರೋಗಗಳು. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲ, ಲಸಿಕೆಯೇ ದಾರಿ. ಲಸಿಕೆ ಹಾಕುವ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದೂ ಸುಮ್ನೆ ದಂಡ.

ಆಂಟಿಬಯಾಟಿಕ್ ಬೇಕೇ ಬೇಕಾದ ಸಂದರ್ಭಗಳೂ ಇವೆ, ಇಲ್ಲವೆನ್ನುವುದಿಲ್ಲ. ಆಗ ಸತ್ತ ಕೋಳಿಯನ್ನು ಗುಂಡಿಗೆ ಹಾಕುವ ಮುಂಚೆ ಪೋಸ್ಟ್‌ಮಾರ್ಟಮ್ ಮಾಡಿಸಿ. ನಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಯಾವ ಔಷಧಿ ನಾಟುತ್ತದೆಂದು ಲ್ಯಾಬಿನಲ್ಲಿ ನೋಡಿ, ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಕೊಲಿಸ್ಟಿನ್ ಮಾತ್ರ ಕೇಳಲೇಬೇಡಿ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಔಷಧಿ ಅದು. ಕೋಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಕೊನೆಯ ಡೋಸ್ ಕೊಟ್ಟ ತಾರೀಖನ್ನು ಬ್ಯಾಚ್ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಎಷ್ಟು ದಿನ ಮಾರಬಾರದೆಂದು ಬಾಟಲಿಯ ಮೇಲೇ ಇರುತ್ತದೆ. ಲಿಫ್ಟಿಂಗಿಗೆ, ಅಂದರೆ ಮಾರಾಟಕ್ಕೆ ಕೋಳಿ ಸಾಗಿಸಲು, ಗಾಡಿ ಕರೆಯುವ ಮುಂಚೆ ಪುಸ್ತಕ ತೆಗೆದು ಆ ದಿನಗಳನ್ನು ಎಣಿಸಿ.