ಕುಡಿದು ಓಡಿಸಿ ತೀವ್ರ ಗಾಯ: ಯಾವ ಕಲಂ, ಯಾವ ಪ್ರತಿವಾದ?

ಚಾಲಕ ಕುಡಿದಿದ್ದ ಎಂದು ರುಜುವಾತಾದೊಡನೆ ಪ್ರಕರಣ ಮುಗಿಯಿತೆಂದು ಬರೆದುಬಿಡುವುದು ನಾವು ಸುಲಭವಾಗಿ ಮಾಡುವ ತಪ್ಪು. ಕುಡಿದು ಓಡಿಸಿದ್ದು ಒಂದು ಅಪರಾಧ, ಗಾಯಪಡಿಸಿದ್ದು ಇನ್ನೊಂದು. ಎರಡನ್ನೂ ಪ್ರಾಸಿಕ್ಯೂಷನ್ ಬೇರೆ ಬೇರೆಯಾಗಿ ಸಾಬೀತುಪಡಿಸಬೇಕು.

ಮೊದಲನೆಯದು ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 100 ಮಿ.ಲೀ. ರಕ್ತದಲ್ಲಿ ಮದ್ಯಾಂಶ 30 ಮಿ.ಗ್ರಾಂ ಮೀರಿದ್ದರೆ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂ. ದಂಡ, ಇಲ್ಲವೇ ಎರಡೂ. ಎರಡನೆಯದು, ದುಡುಕು ಅಥವಾ ನಿರ್ಲಕ್ಷ್ಯದಿಂದ ತೀವ್ರ ಗಾಯಪಡಿಸುವುದಕ್ಕೆ ಅನ್ವಯಿಸುವ, ಭಾರತೀಯ ನ್ಯಾಯ ಸಂಹಿತೆಯ 125(ಬಿ). ಗರಿಷ್ಠ ಮೂರು ವರ್ಷ. ಮೂಳೆ ಮುರಿದರೂ, 15 ದಿನ ತೀವ್ರ ನೋವಿನಲ್ಲಿ ನರಳಿದರೂ ಅದು ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ 20 ದಿನ ಎಂದಿತ್ತು. ಹಳೆಯ ಪಠ್ಯ ಓದುವವರು ತಿದ್ದಿಕೊಳ್ಳಿ. ಬೆನ್ನುಹುರಿಗೆ ಪೆಟ್ಟು ಬಿದ್ದು ಜೀವನವಿಡೀ ಹಾಸಿಗೆ ಹಿಡಿದವರನ್ನು ನೆನೆದರೆ ಮೂರು ವರ್ಷ ತೀರಾ ಕಡಿಮೆ ಎಂದೇ ನನ್ನ ಅನಿಸಿಕೆ.

ಇನ್ನು 'ಅರಿವು', ಅಂದರೆ ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂದು ಚಾಲಕನಿಗೆ ಗೊತ್ತಿತ್ತೇ ಎಂಬ ತೊಡಕು. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಹರಿಯಿತು. ಏಳು ಮಂದಿ ಸತ್ತರು, ಎಂಟು ಮಂದಿ ಗಾಯಗೊಂಡರು. ಸಾವಿಗೆ ಹಳೆಯ ದಂಡ ಸಂಹಿತೆಯ 304ರ ಎರಡನೇ ಭಾಗ (ಅರಿವಿದ್ದೂ ಮಾಡಿದ, ಕೊಲೆಯಲ್ಲದ ನರಹತ್ಯೆ), ಗಾಯಕ್ಕೆ 338 (ನಿರ್ಲಕ್ಷ್ಯದಿಂದ ತೀವ್ರ ಗಾಯ) ಎಂದು ಎರಡನ್ನೂ ಒಟ್ಟಿಗೆ ಹೊರಿಸಿದ್ದನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂದೇ ಕೃತ್ಯದಲ್ಲಿ ನಿರ್ಲಕ್ಷ್ಯವೂ ಅರಿವೂ ಇರಬಹುದು ಎಂಬುದೇ ಅದರ ತಿರುಳು. 'ಅಮಲಿನಲ್ಲಿ ನನಗೆ ಗೊತ್ತಾಗಲಿಲ್ಲ' ಎಂಬ ವಾದ ನಿಲ್ಲುವುದಿಲ್ಲ: ತಾನಾಗಿಯೇ ಕುಡಿದವನಿಗೆ, ಕುಡಿಯದವನಿಗಿರುವಷ್ಟೇ ಅರಿವಿತ್ತೆಂದು ಸಂಹಿತೆಯ 24ನೇ ಕಲಂ ಭಾವಿಸುತ್ತದೆ. ಗೊತ್ತಿಲ್ಲದೆಯೋ ಬಲವಂತದಿಂದಲೋ ಕುಡಿಸಿದ್ದರೆ ಮಾತ್ರ 23ನೇ ಕಲಮಿನ ಆಸರೆ ಸಿಗುತ್ತದೆ.

ಗಟ್ಟಿ ಪ್ರತಿವಾದ ಹುಟ್ಟುವುದು ರಕ್ತದ ಮಾದರಿಯಿಂದ. ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ ಇವಿಷ್ಟೇ ಸಾಲದು ಎಂದು 1971ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 185ರಡಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಡುಗಡೆ ಮಾಡಬೇಕೆಂದು 202ನೇ ಕಲಂ ವಿಧಿಸುತ್ತದೆ. ಆದ್ದರಿಂದ ವೈದ್ಯರ ಪಾಟೀ ಸವಾಲಿನಲ್ಲಿ ಕೇಳಬೇಕಾದದ್ದು: ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ? ಸೀಲು ಹಾಕಿದವರು ಯಾರು? ಪ್ರಯೋಗಾಲಯಕ್ಕೆ ತಲುಪಿದ್ದು ಅದೇ ಬಾಟಲಿಯೇ? ಸ್ಟಿಯರಿಂಗ್ ಹಿಡಿದಿದ್ದವನು ಆರೋಪಿಯೇ ಎಂಬುದನ್ನೂ ಬಿಡಬಾರದು.

ಇಷ್ಟಾಗಿ 185ರ ಆರೋಪ ಬಿದ್ದುಹೋದರೂ 125(ಬಿ) ತಾನಾಗಿ ಬಿದ್ದುಹೋಗುವುದಿಲ್ಲ. ಸ್ಥಳ ಮಹಜರು, ಪ್ರತ್ಯಕ್ಷ ಸಾಕ್ಷಿಗಳು ನಿರ್ಲಕ್ಷ್ಯವನ್ನು ತೋರಿಸಿದರೆ, ಚಾಲಕ ತೊಟ್ಟು ಮದ್ಯ ಮುಟ್ಟದಿದ್ದರೂ ಶಿಕ್ಷೆಯಾಗಬಹುದು.