ವಂಶದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲದಿದ್ದರೆ ನನಗೂ ಬರುವುದಿಲ್ಲವೇ?

ಪ್ರಶ್ನೆ: ತಂದೆಯ ಕಡೆಯಾಗಲಿ ತಾಯಿಯ ಕಡೆಯಾಗಲಿ ನಮ್ಮಲ್ಲಿ ಯಾರಿಗೂ ಕ್ಯಾನ್ಸರ್ ಬಂದಿಲ್ಲ. ಇಪ್ಪತ್ತು ವರ್ಷದಿಂದ ಸಿಗರೇಟು ಸೇದುತ್ತಿದ್ದೇನೆ, ಆರೋಗ್ಯ ಚೆನ್ನಾಗಿಯೇ ಇದೆ. ನಮ್ಮಜ್ಜ ಸೇದಿಕೊಂಡೇ ತೊಂಬತ್ತು ದಾಟಿದವರು. ರಕ್ತದಲ್ಲೇ ಇಲ್ಲದ ಕಾಯಿಲೆಗೆ ನಾನೇಕೆ ಹೆದರಬೇಕು?

ಉತ್ತರ: ಹೆದರುವುದು ಬೇಡ, ಸೇದುವುದನ್ನು ಬಿಡಿ. ಇದೇ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ. ಅಜ್ಜನ ಜಾಗಕ್ಕೆ ದೊಡ್ಡಪ್ಪ ಬರುತ್ತಾರೆ, ಸಿಗರೇಟಿನ ಜಾಗಕ್ಕೆ ಮದ್ಯ ಬರುತ್ತದೆ, ಒಳಗಿನ ನಂಬಿಕೆ ಮಾತ್ರ ಅದೇ: ಕ್ಯಾನ್ಸರ್ ವಂಶದಿಂದ ಇಳಿದು ಬರುವ ಕಾಯಿಲೆ, ವಂಶದಲ್ಲಿ ಇಲ್ಲವೆಂದರೆ ನಾವು ಪಾರು. ಈ ಒಂದು ನಂಬಿಕೆಯನ್ನು ನೆಚ್ಚಿಕೊಂಡು ಜನ ತಪಾಸಣೆ ಮುಂದೂಡುತ್ತಾರೆ, ಚಟ ಮುಂದುವರಿಸುತ್ತಾರೆ. ಆದ್ದರಿಂದ ಇವತ್ತು ಇದನ್ನು ಬುಡದಿಂದಲೇ ನೋಡೋಣ.

ಎಲ್ಲ ಕ್ಯಾನ್ಸರ್‌ಗಳೂ ಜೀನ್ ಕೆಡುವುದರಿಂದಲೇ ಶುರುವಾಗುತ್ತವೆ, ನಿಜ. ಗೊಂದಲ ಹುಟ್ಟುವುದೂ ಅಲ್ಲೇ. ಜೀನ್ ಎಂದ ಕೂಡಲೇ ಅದು ಹೆತ್ತವರಿಂದ ಬಂದ ದೋಷ ಎಂದುಕೊಳ್ಳುತ್ತೇವೆ. ಆದರೆ ಹುಟ್ಟುವಾಗ ಸರಿಯಾಗಿಯೇ ಇದ್ದ ಜೀನ್ ನಲವತ್ತನೇ ವಯಸ್ಸಿನಲ್ಲಿ, ಶ್ವಾಸಕೋಶದ ಯಾವುದೋ ಒಂದು ಜೀವಕೋಶದಲ್ಲಿ ಮಾತ್ರ ಕೆಡಬಹುದು. ಆ ಹಾನಿ ನಿಮ್ಮ ತಂದೆ ತಾಯಿ ಕೊಟ್ಟದ್ದಲ್ಲ, ನಿಮ್ಮ ಮಕ್ಕಳಿಗೆ ಹೋಗುವುದೂ ಇಲ್ಲ. ಬಹುಪಾಲು ಕ್ಯಾನ್ಸರ್‌ಗಳು ಈ ಬಗೆಯವು. ಹೆತ್ತವರಿಂದ ಬಂದ ಒಂದು ಬಲವಾದ ಜೀನ್ ದೋಷವೇ ಮೂಲ ಎನ್ನಬಹುದಾದವು ಶೇಕಡ 5ರಿಂದ 10ರಷ್ಟು ಮಾತ್ರ.

ಇದನ್ನು ಬಿಡಿಸಿ ತೋರಿಸಿದವರು ಅಮೆರಿಕದ ವೈದ್ಯ, ಸಂಶೋಧಕ ಆಲ್ಫ್ರೆಡ್ ನಡ್ಸನ್. ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಕೆಲವು ಮಕ್ಕಳಿಗೆ ಬಹಳ ಬೇಗ, ಎರಡೂ ಕಣ್ಣಿಗೆ ಬರುತ್ತದೆ. ಉಳಿದವರಿಗೆ ಸ್ವಲ್ಪ ತಡವಾಗಿ, ಒಂದೇ ಕಣ್ಣಿಗೆ. ಏಕೆ ಎಂದು ಲೆಕ್ಕ ಹಾಕಿ 1971ರಲ್ಲಿ ಅವರು ಕೊಟ್ಟ ವಿವರಣೆ ಇಂದಿಗೂ ಪಾಠ ಮಾಡುವವರಿಗೆ ಹಬ್ಬ. ಜೀವಕೋಶದ ಬೆಳವಣಿಗೆಯನ್ನು ತಡೆದು ನಿಲ್ಲಿಸುವ ಜೀನ್‌ಗೆ ಎರಡು ಪ್ರತಿಗಳಿರುತ್ತವೆ, ಸೈಕಲ್ಲಿಗೆ ಎರಡು ಬ್ರೇಕ್ ಇದ್ದಂತೆ. ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಬೇಗ ಕಾಯಿಲೆ ಬಿದ್ದ ಮಕ್ಕಳು ಒಂದು ಪ್ರತಿ ಕೆಟ್ಟೇ ಹುಟ್ಟಿರುತ್ತಾರೆ, ಇನ್ನೊಂದು ಕೆಡುವುದಷ್ಟೇ ಬಾಕಿ. ಉಳಿದ ಮಕ್ಕಳಲ್ಲಿ ಒಂದೇ ಜೀವಕೋಶದೊಳಗೆ ಎರಡೂ ಪ್ರತಿಗಳು ಹುಟ್ಟಿದ ಮೇಲೆ ಕೆಡಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಎರಡು ಸಂಗತಿ ಗಮನಿಸಿ. ವಂಶದಿಂದ ಏನೂ ಬರದಿದ್ದರೂ ಕ್ಯಾನ್ಸರ್ ಆಗುತ್ತದೆ. ವಂಶದಿಂದ ಬಂದಿದ್ದರೂ ಅಷ್ಟರಿಂದಲೇ ಆಗುವುದಿಲ್ಲ.

ಇಷ್ಟು ಹೇಳಿದರೂ "ಆದರೆ ನಮ್ಮ ಮನೆಯಲ್ಲಿ ನಿಜವಾಗಿಯೂ ಯಾರಿಗೂ ಇಲ್ಲ" ಎನ್ನುವವರಿದ್ದಾರೆ. ಸರಿ, ಅಂಕಿ ನೋಡಿ. ಸ್ತನ ಕ್ಯಾನ್ಸರ್ ಬಂದ ಒಂಬತ್ತು ಹೆಂಗಸರಲ್ಲಿ ಎಂಟು ಮಂದಿಗೆ ತಾಯಿ, ಅಕ್ಕತಂಗಿ, ಮಗಳು ಯಾರಿಗೂ ಆ ಕಾಯಿಲೆ ಇರಲಿಲ್ಲ. ಅವರೆಲ್ಲರೂ ನಿಮ್ಮ ಮಾತನ್ನೇ ಹೇಳಬಹುದಿತ್ತು. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳ 44,788 ಅವಳಿ ಜೋಡಿಗಳನ್ನು ಪರಿಶೀಲಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತದ್ರೂಪಿ ಅವಳಿಗಳ ಜೀನ್‌ಗಳು ಒಂದೇ. ಅವರಲ್ಲಿ ಒಬ್ಬರಿಗೆ ದೊಡ್ಡ ಕರುಳಿನ, ಸ್ತನದ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಬಂದರೆ ಇನ್ನೊಬ್ಬರಿಗೂ 75ರೊಳಗೆ ಅದೇ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡ 11ರಿಂದ 18. ಸಾಮಾನ್ಯ ಜನರಿಗಿಂತ ಹೆಚ್ಚು, ಒಪ್ಪುತ್ತೇನೆ. ಆದರೆ ಜೀನ್‌ಗಳೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಅದು ನೂರರ ಹತ್ತಿರ ಇರಬೇಕಿತ್ತು. ಜಪಾನಿನಿಂದ ಹವಾಯಿಗೆ ವಲಸೆ ಹೋದ ಕುಟುಂಬಗಳಲ್ಲಿ ಒಂದೆರಡು ತಲೆಮಾರಿನೊಳಗೆ ಹೊಟ್ಟೆಯ ಕ್ಯಾನ್ಸರ್ ಇಳಿದು, ಕರುಳಿನ ಮತ್ತು ಸ್ತನದ ಕ್ಯಾನ್ಸರ್ ಏರಿತು. ವಂಶ ಅದೇ, ಬದುಕುವ ರೀತಿ ಬದಲಾಗಿತ್ತು.

ಜೊತೆಗೆ "ಯಾರಿಗೂ ಇಲ್ಲ" ಎನ್ನುವ ಮಾತೇ ಅಷ್ಟು ಗಟ್ಟಿಯಲ್ಲ. ಹಿಂದಿನವರಲ್ಲಿ ಎಷ್ಟೋ ಮಂದಿ ಬೇರೆ ಕಾಯಿಲೆಗಳಿಂದ ಬೇಗ ತೀರಿಕೊಂಡರು. ಹಲವರಿಗೆ ಏನಾಗಿತ್ತೆಂದು ಯಾರೂ ಪತ್ತೆ ಮಾಡಲಿಲ್ಲ, ಪತ್ತೆಯಾದರೂ ಮನೆಯವರು ಬಾಯಿ ಬಿಡಲಿಲ್ಲ.

ಇನ್ನು ಅಜ್ಜನ ವಿಷಯ. ಅಜ್ಜನ ಜೀನ್‌ಗಳಲ್ಲಿ ನಿಮಗೆ ಬಂದಿರುವುದು ಸುಮಾರು ಕಾಲು ಭಾಗ, ಯಾವ ಕಾಲು ಭಾಗ ಎಂಬುದು ಯಾರ ಕೈಯಲ್ಲೂ ಇಲ್ಲ. ಸೇದುವವರೆಲ್ಲರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಯಾವ ವೈದ್ಯರೂ ಹೇಳಿಲ್ಲ. ಸೇದದವರಿಗೆ ಹೋಲಿಸಿದರೆ ಅಪಾಯ 15ರಿಂದ 30 ಪಟ್ಟು ಎನ್ನುತ್ತಾರೆ. ತೊಂಬತ್ತು ದಾಟಿದ ಒಬ್ಬ ಅಜ್ಜನನ್ನು ಮನೆಮಂದಿಯೆಲ್ಲ ನೆನೆಯುತ್ತಾರೆ. ಸೇದಿ ಐವತ್ತೈದಕ್ಕೇ ಹೋದವರನ್ನು ಧೈರ್ಯಕ್ಕೆಂದು ಯಾರೂ ನೆನೆಯುವುದಿಲ್ಲ. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಒಂದೊಂದು ಜೀವಕೋಶದಲ್ಲೂ ಸರಾಸರಿ 150 ಮ್ಯುಟೇಷನ್‌ಗಳು, ಅಂದರೆ ಡಿಎನ್ಎಯಲ್ಲಿ ಆಗುವ ಬದಲಾವಣೆಗಳು, ಸೇರುತ್ತವೆ ಎಂದು 2016ರ ಒಂದು ಸಂಶೋಧನೆ ಅಂದಾಜು ಮಾಡಿತು. ಹೊಗೆಯಲ್ಲಿರುವ ರಾಸಾಯನಿಕಗಳು ಡಿಎನ್ಎಗೆ ಅಂಟಿಕೊಂಡು ಮಾಡುವ ಹಾನಿಗೆ ತನ್ನದೇ ಗುರುತು ಇರುತ್ತದೆ, ಬಿಸಿಲಿನ ಅತಿನೇರಳೆ ಕಿರಣ ಮಾಡುವ ಹಾನಿಗೆ ಬೇರೆ ಗುರುತು. ಗಡ್ಡೆಯ ಡಿಎನ್ಎ ಓದಿ ಇದು ತಂಬಾಕಿನ ಕೆಲಸ, ಇದು ಬಿಸಿಲಿನ ಕೆಲಸ ಎಂದು ಇವತ್ತು ಗುರುತಿಸಬಹುದು. ಪರಿಸರ ಬೇರೆ, ಜೀನ್ ಬೇರೆ ಎಂದು ಎರಡು ಖಾನೆ ಮಾಡಿ ಕೂರುವವರಿಗೆ ನಾನು ತೋರಿಸುವುದು ಇದನ್ನೇ. ಬಿಟ್ಟರೆ ಲಾಭವೂ ಇದೆ: ಹತ್ತು ಹದಿನೈದು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ.

ಉಳಿದ ಕಾರಣಗಳು ನಿಮಗೆ ಗೊತ್ತಿರುವವೇ: ಮದ್ಯ, ಅತಿ ತೂಕ, ಕಲ್ನಾರು (ಆಸ್ಬೆಸ್ಟಾಸ್), ನೆಲದಿಂದ ಹೊಮ್ಮುವ ರೇಡಾನ್ ಅನಿಲ, ಕೊಳಕು ಗಾಳಿ. ಮದ್ಯ ಮತ್ತು ತಂಬಾಕು ಒಟ್ಟಿಗೆ ಸೇರಿದರೆ ಬಾಯಿ ಮತ್ತು ಗಂಟಲಿನಲ್ಲಿ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಹೆಚ್ಚಿನವರು ಮರೆಯುವುದು ಸೋಂಕುಗಳನ್ನು. ಜಗತ್ತಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 13 ಸೋಂಕಿನಿಂದ ಬಂದವು. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್, ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಕಾರಣ. ಎಚ್‌ಪಿವಿಗೂ ಹೆಪಟೈಟಿಸ್ ಬಿಗೂ ಲಸಿಕೆ ಇದೆ. ವಂಶದಲ್ಲಿ ಇಲ್ಲವೆಂದು ಮಗಳಿಗೆ ಎಚ್‌ಪಿವಿ ಲಸಿಕೆ ಬೇಡ ಎನ್ನುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯಾವ ಚಟವೂ ಇಲ್ಲದೆ, ವಂಶದಲ್ಲೂ ಇಲ್ಲದೆ ಬರುವುದೂ ಉಂಟು. ಜೀವಕೋಶ ಒಡೆದು ಎರಡಾಗುವಾಗ ಡಿಎನ್ಎ ನಕಲಿನಲ್ಲಿ ತಪ್ಪು ನುಸುಳುತ್ತದೆ, ವಯಸ್ಸಾದಂತೆ ಅವು ಕೂಡುತ್ತಾ ಹೋಗುತ್ತವೆ. ಆದ್ದರಿಂದ ರೋಗಿಯ ಮುಂದೆ ಕೂತು "ನೀವು ಏನು ಮಾಡಿದ್ದಿರಿ?" ಎಂದು ದಯವಿಟ್ಟು ಕೇಳಬೇಡಿ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಓದಿದ ಕೆಲವರು ನೇರವಾಗಿ ಜೀನ್ ಪರೀಕ್ಷೆಗೆ ಹೊರಡುತ್ತಾರೆ. ಆ ಪರೀಕ್ಷೆ ಎಲ್ಲರಿಗೂ ಅಲ್ಲ. ಹತ್ತಿರದ ಸಂಬಂಧಿಗಳಲ್ಲಿ ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದಿದ್ದರೆ, ಒಂದೇ ಕಡೆಯ ಹಲವರಿಗೆ ಸ್ತನ, ಅಂಡಾಶಯ ಅಥವಾ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಗಂಡಸರೊಬ್ಬರಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಜೆನೆಟಿಕ್ ಕೌನ್ಸೆಲಿಂಗ್ (ವಂಶದ ಅಪಾಯ ಅಳೆದು ಸಲಹೆ ಕೊಡುವುದು) ಮಾಡುವವರ ಹತ್ತಿರ ಮೊದಲು ಮಾತನಾಡಿ. ತಂದೆಯ ಕಡೆಯ ವಿವರವನ್ನು ಬಿಡಬೇಡಿ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನ್‌ನ ದೋಷ ತಂದೆಯಿಂದಲೂ ತಾಯಿಯಿಂದಲೂ ಅಷ್ಟೇ ಸುಲಭವಾಗಿ ಬರುತ್ತದೆ. ಗಂಡಸರಿಗೆ ಸ್ತನ ಕ್ಯಾನ್ಸರ್ ಅಪರೂಪವಾದ್ದರಿಂದ ಆ ದೋಷ ತಂದೆಯಲ್ಲಿ ಸದ್ದಿಲ್ಲದೆ ಇದ್ದು ಮಗಳಲ್ಲಿ ಕಾಣಿಸಿಕೊಳ್ಳಬಹುದು. ಆ ದೋಷವಿರುವ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಜೀವಮಾನದ ಅಪಾಯ ಸುಮಾರು ಶೇಕಡ 70. ಅಂಥವರಿಗೆ ಬೇಗ ಶುರುಮಾಡುವ ಎಂಆರ್‌ಐ ತಪಾಸಣೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ದಾರಿಗಳಿವೆ.

ಪರೀಕ್ಷೆಯನ್ನು ಸಾಧ್ಯವಾದರೆ ಮೊದಲು ಕ್ಯಾನ್ಸರ್ ಬಂದವರಿಗೇ ಮಾಡಿಸಬೇಕು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿಲ್ಲವೆಂದು ತಿಳಿದ ತಂಗಿಗೆ ಆ ದೋಷದ ಅಪಾಯ ಇಲ್ಲ, ಅವಳ ಮಕ್ಕಳಿಗೆ ಅವಳಿಂದ ಅದು ಹೋಗುವುದೂ ಇಲ್ಲ. ಎಲ್ಲರಂತೆ ವಯಸ್ಸಿಗೆ ತಕ್ಕ ತಪಾಸಣೆ ಮಾತ್ರ ಅವಳಿಗೂ ಬೇಕು.